ಮೂರನೆಯ ಪಿನ್ನು

ಹತ್ತನೆಯ ತರಗತಿಯಲ್ಲಿ ನನ್ನ ಪಾಠ ಕೇಳಿದವರಿಗೆ ಒಂದು ಪ್ರಶ್ನೆ ನೆನಪಿರಬಹುದು. ವಿದ್ಯುಚ್ಛಕ್ತಿಯ ಅಧ್ಯಾಯ ಮುಗಿದ ದಿನ ನಾನು ಪ್ರಯೋಗಶಾಲೆಯ ಕಪಾಟಿನಿಂದ ಹಳೆಯದೊಂದು ಮೂರು ಪಿನ್ನಿನ ಪ್ಲಗ್ಗನ್ನು ತಂದು ಮೇಜಿನ ಮೇಲಿಟ್ಟು, “ಮೇಲಿನ ಪಿನ್ನು ಉಳಿದೆರಡಕ್ಕಿಂತ ದಪ್ಪವಾಗಿಯೂ ಉದ್ದವಾಗಿಯೂ ಇರುವುದೇಕೆ?” ಎಂದು ಕೇಳುತ್ತಿದ್ದೆ. ಎರಡು ಅಂಕಗಳ ಪ್ರಶ್ನೆ ಅದು. ದಪ್ಪವಾದ ವಾಹಕಕ್ಕೆ ರೋಧ ಕಡಿಮೆ, ಆದ್ದರಿಂದ ವಿದ್ಯುತ್ತು ಸುಲಭವಾಗಿ ಭೂಮಿಗೆ ಹರಿಯುತ್ತದೆ ಎಂದು ನಾನೇ ಉತ್ತರವನ್ನು ಬರೆಸುತ್ತಿದ್ದೆ. ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದವರು ನಿಮ್ಮಲ್ಲಿ ಅನೇಕರಿದ್ದೀರಿ. ಆ ಅಂಕಗಳನ್ನು ನಾನು ಈಗ ಹಿಂದಕ್ಕೆ ಪಡೆಯಲಾರೆ. ಆದರೆ ಉತ್ತರವನ್ನು ತಿದ್ದಬಹುದು. ಉದ್ದವಾಗಿರುವುದು, ಪ್ಲಗ್ಗನ್ನು ಚುಚ್ಚುವಾಗ ಭೂಸಂಪರ್ಕವು ಎಲ್ಲಕ್ಕಿಂತ ಮೊದಲು ಕೂಡಲಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂಬ ಕಾರಣಕ್ಕೆ. ದಪ್ಪವಾಗಿರುವುದು, ಅದು ಅಪ್ಪಿತಪ್ಪಿಯೂ ವಿದ್ಯುತ್ತಿರುವ ರಂಧ್ರದೊಳಕ್ಕೆ ಹೋಗದಿರಲಿ ಎಂಬ ಕಾರಣಕ್ಕೆ. ರೋಧದ ಮಾತು ಇವೆರಡರ ನಂತರದ್ದು.

ಉತ್ತರ ತಪ್ಪಾದದ್ದು ಸಣ್ಣ ಸಂಗತಿ. ಆ ಪಿನ್ನಿನ ಮಹತ್ವವನ್ನು ವರ್ಷವರ್ಷವೂ ಬೋಧಿಸುತ್ತಿದ್ದ ಇದೇ ಮೇಷ್ಟ್ರು, ತಮ್ಮ ಸ್ವಂತ ಮನೆಯಲ್ಲಿ ಅದನ್ನು ನಿಷ್ಪ್ರಯೋಜಕಗೊಳಿಸಿದ್ದರು ಎಂಬುದು ದೊಡ್ಡ ಸಂಗತಿ. ಅದನ್ನು ಮುಂದೆ ಹೇಳುತ್ತೇನೆ. ಬಂಧುಗಳಲ್ಲಿ ಹಿರಿಯರಿಗೆ ಅದು ಗೊತ್ತಿದೆ.

ಇದನ್ನು ಬರೆಯಲು ನಿಮಿತ್ತವಾದವಳು ನನ್ನ ಮೊಮ್ಮಗಳು. ಕಳೆದ ತಿಂಗಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು, ಹೊಸ ಗೀಸರೊಂದನ್ನು ಕೊಂಡು ದೂರವಾಣಿ ಮಾಡಿದಳು. “ತಾತ, ಡಬ್ಬದ ಮೇಲೆ ಐಎಸ್‌ಐ ಗುರುತು ಇದೆ. ಇನ್ನೇನಾದರೂ ನೋಡ್ಬೇಕಾ?” ಎಂದು ಕೇಳಿದಳು. ನೋಡಬೇಕಾದದ್ದು ಡಬ್ಬದ ಮೇಲಿಲ್ಲ, ಗೋಡೆಯ ಒಳಗಿದೆ ಎಂದು ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಹೇಳಲು ನೂರು ವರ್ಷಕ್ಕೂ ಮಿಕ್ಕಿದ ಕಥೆಯನ್ನೇ ಹೇಳಬೇಕಾಗುತ್ತದೆ.

ನಮ್ಮ ಸೀಮೆಯಿಂದಲೇ ಆರಂಭಿಸೋಣ. ನಾನು ಬಹುಕಾಲ ಪಾಠ ಹೇಳಿದ್ದು ಮಳವಳ್ಳಿ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರ ಜೂನ್ 30ರಂದು ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿತು. ಯೋಜನೆಯನ್ನು ರೂಪಿಸಿದ ಎಂಜಿನಿಯರ್ ಎ. ಸಿ. ಜೋಲಿ ಡಿ ಲೋಟ್ಬಿನಿಯರ್. ಅದಕ್ಕೆ ಬೆಂಬಲವಾಗಿ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಅಯ್ಯರ್ ಅವರು 1901ರಲ್ಲಿಯೇ ತೀರಿಕೊಂಡದ್ದರಿಂದ ತಮ್ಮ ಯೋಜನೆಯ ಫಲವನ್ನು ಕಣ್ಣಾರೆ ನೋಡಲಿಲ್ಲ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ; ಮೈಸೂರಿಗೆ 1908ರಲ್ಲಿ. ತಲೆಯ ಮೇಲೆಯೇ ತಂತಿ ಹಾಯ್ದಿದ್ದ ನಮ್ಮ ಹಳ್ಳಿಗೆ ಬಂದದ್ದು 1962ರಲ್ಲಿ. ಇದರ ಬಗ್ಗೆ ಹಿಂದೊಮ್ಮೆ ಬೇಕಾದಷ್ಟು ದೂರಿದ್ದೇನೆ, ಮತ್ತೆ ಬೇಡ.

ಗಮನಿಸಬೇಕಾದದ್ದು ಬೇರೊಂದಿದೆ. ವಿದ್ಯುತ್ತು ನಮ್ಮ ಮನೆಗಳೊಳಗೆ ಬಂದದ್ದು ದೀಪದ ರೂಪದಲ್ಲಿ. ದೀಪಕ್ಕೆ ಎರಡು ತಂತಿಗಳು ಸಾಕು. ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಹಿಂದಿರುಗುತ್ತದೆ. ಬಲ್ಬು ತೊಲೆಯಿಂದ ನೇತಾಡುತ್ತದೆ, ಅದನ್ನು ಯಾರೂ ದಿನನಿತ್ಯ ಮುಟ್ಟುವುದಿಲ್ಲ. ಆದ್ದರಿಂದ ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎರಡೇ ತಂತಿಗಳನ್ನು ಎಳೆದು ಮೊಳೆ ಹೊಡೆದು ಮುಗಿಸುತ್ತಿದ್ದರು. ಅದು ಆ ಕಾಲಕ್ಕೆ ತಪ್ಪಾಗಿರಲಿಲ್ಲ. ತಪ್ಪು ಆರಂಭವಾದದ್ದು ಆ ಎರಡು ತಂತಿಗಳಿಗೆ ನಾವು ಕೈಯಲ್ಲಿ ಹಿಡಿಯುವ ಲೋಹದ ಸಾಮಾನುಗಳನ್ನು ಜೋಡಿಸತೊಡಗಿದಾಗ.

ಅಮೆರಿಕದಲ್ಲಿಯೂ ಹೀಗೆಯೇ ಆಯಿತು. ವಿದ್ಯುತ್ ಇಸ್ತ್ರಿಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಎಂಬಾತ ಹಕ್ಕುಸ್ವಾಮ್ಯ ಪಡೆದದ್ದು 1882ರಲ್ಲಿ. ಆಗ ವಿದ್ಯುತ್ತು ಇದ್ದ ಮನೆಗಳೇ ವಿರಳ. ಆದರೆ ಸಾಮಾನುಗಳನ್ನು ಪರೀಕ್ಷಿಸಬೇಕು ಎಂಬ ವಿಚಾರ ಹುಟ್ಟಿದ್ದು ಇಸ್ತ್ರಿಪೆಟ್ಟಿಗೆಯಿಂದಲ್ಲ, ಬೆಂಕಿಯ ಭಯದಿಂದ. 1893ರಲ್ಲಿ ಚಿಕಾಗೊ ನಗರದಲ್ಲಿ ವಿಶ್ವ ಮೇಳ ನಡೆಯಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನವು ನಡೆದದ್ದು ಇದೇ ಮೇಳದ ಅಂಗವಾಗಿ ಎಂಬುದು ನಿಮಗೆ ಗೊತ್ತಿರುತ್ತದೆ. ಮೇಳದಲ್ಲಿ ವಿದ್ಯುತ್ತಿಗೇ ಮೀಸಲಾದ ಒಂದು ಭವನವಿತ್ತು. ಸಾವಿರಾರು ದೀಪಗಳು, ಮೈಲುಗಟ್ಟಲೆ ತಂತಿ, ಮರ ಮತ್ತು ಗಾರೆಯ ತಾತ್ಕಾಲಿಕ ಕಟ್ಟಡಗಳು. ವಿಮಾ ಕಂಪನಿಗಳಿಗೆ ನಿದ್ರೆ ಬರಲಿಲ್ಲ. ವಿಲಿಯಂ ಹೆನ್ರಿ ಮೆರಿಲ್ ಎಂಬ ಯುವ ಎಂಜಿನಿಯರನ್ನು ಅಲ್ಲಿಗೆ ತಪಾಸಣೆಗಾಗಿ ಕಳುಹಿಸಿದರು. ಆತ ಬಂದ ಕೆಲಸ ಮುಗಿದರೂ ಊರು ಬಿಡದೆ, ಅಗ್ನಿಶಾಮಕ ಠಾಣೆಯೊಂದರ ಮಹಡಿಯ ಮೇಲೆ ಸಣ್ಣ ಪ್ರಯೋಗಶಾಲೆಯೊಂದನ್ನು ತೆರೆದನು. 1894ರ ಮಾರ್ಚಿನಲ್ಲಿ ಅಲ್ಲಿಂದ ಹೊರಬಿದ್ದ ಮೊದಲ ವರದಿ, ಬೆಂಕಿ ಹಿಡಿಯದ ಅವಾಹಕ ವಸ್ತುವೊಂದನ್ನು ಕುರಿತದ್ದು. ಮುಂದೆ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಹೆಸರಿನಲ್ಲಿ ಜಗತ್ಪ್ರಸಿದ್ಧವಾದ ಸಂಸ್ಥೆ ಅದೇ.

ಅಂದರೆ ಪರೀಕ್ಷೆಯ ಚರಿತ್ರೆಯ ಮೊದಲ ಪುಟದಲ್ಲಿ ಇರುವುದು ಕಟ್ಟಡದ ರಕ್ಷಣೆ. ಅದಕ್ಕೆ ಹಣ ಕೊಟ್ಟವರು ಕಟ್ಟಡದ ವಿಮೆ ಇಳಿಸಿದವರು. ಮುಟ್ಟಿದ ಮನುಷ್ಯನ ಗತಿಯೇನು ಎಂಬ ಪ್ರಶ್ನೆಗೆ ಅಂಕೆಸಂಖ್ಯೆಗಳ ಉತ್ತರ ಸಿಗಲು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಇದನ್ನು ನಾನು ಆಕ್ಷೇಪವಾಗಿ ಹೇಳುತ್ತಿಲ್ಲ. ಆದರೂ ಹೇಳದೆ ಬಿಡಲಾರೆ.

ಈ ನಡುವೆ ಇಂಗ್ಲೆಂಡಿನಲ್ಲಿ ಮತ್ತೊಂದು ಸಾಧನ ಸಿದ್ಧವಾಗಿತ್ತು. ಸಿಡ್ನಿ ಎವರ್‌ಶೆಡ್ ಎಂಬಾತ ಅವಾಹಕಗಳ ರೋಧವನ್ನು ಅಳೆಯುವ ಉಪಕರಣವನ್ನು ರೂಪಿಸಿದನು. 1903ರಲ್ಲಿ ಅದಕ್ಕೆ ಮೆಗ್ಗರ್ ಎಂಬ ಹೆಸರು ನೋಂದಣಿಯಾಯಿತು. ಕೈಯಿಂದ ಹಿಡಿಕೆ ತಿರುಗಿಸುವ ಆ ಮರದ ಪೆಟ್ಟಿಗೆಯನ್ನು ನಮ್ಮೂರಿಗೆ ವಿದ್ಯುತ್ತು ಬಂದಾಗ ನಾನು ಮೊದಲ ಸಲ ಕಂಡೆ. ನನಗಾಗ ಹದಿನೈದು ವರ್ಷ. ಲೈನ್‌ಮನ್ ಹಿಡಿಕೆ ತಿರುಗಿಸುತ್ತಿದ್ದರೆ ಮುಳ್ಳು ನಿಧಾನವಾಗಿ ಏರುತ್ತಿತ್ತು. ತಂತಿಯ ಹೊದಿಕೆ ಗಟ್ಟಿಯಾಗಿದ್ದರೆ ವಿದ್ಯುತ್ತು ಸೋರುವುದಿಲ್ಲ, ಮುಳ್ಳು ಮೇಲಕ್ಕೆ ಹೋಗುತ್ತದೆ. ಹೊದಿಕೆ ಕೆಟ್ಟಿದ್ದರೆ ಮುಳ್ಳು ಕೆಳಗೇ ಬಿದ್ದಿರುತ್ತದೆ. ನಾನು ವಿಜ್ಞಾನದ ಮೇಷ್ಟ್ರಾಗಲು ಆ ಮುಳ್ಳೂ ಒಂದು ಕಾರಣವೆನ್ನಬಹುದು.

ಪ್ಲಗ್ಗಿನ ಕಥೆಗೆ ಬರುತ್ತೇನೆ. ನಾವು ಇಂದಿಗೂ ಬಳಸುವ ದುಂಡು ಪಿನ್ನುಗಳ ಪ್ಲಗ್ಗಿನ ಮೂಲ, ಬ್ರಿಟನ್ನಿನಲ್ಲಿ 1934ರಲ್ಲಿ ಪ್ರಕಟವಾದ ಬಿಎಸ್ 546 ಎಂಬ ಮಾನಕದಲ್ಲಿದೆ. 5 ಆಂಪಿಯರಿನ ಸಣ್ಣದು, 15 ಆಂಪಿಯರಿನ ದೊಡ್ಡದು. ಬ್ರಿಟಿಷರು 1947ರಲ್ಲಿ ಚೌಕಾಕಾರದ ಪಿನ್ನುಗಳ ಹೊಸ ಪ್ಲಗ್ಗಿಗೆ ಮಾನಕ ರೂಪಿಸಿ ಕ್ರಮೇಣ ದುಂಡು ಪಿನ್ನುಗಳನ್ನು ಕೈಬಿಟ್ಟರು. ನಾವು ಅದೇ ವರ್ಷ ಅವರನ್ನು ಬೀಳ್ಕೊಟ್ಟು ಅವರ ಹಳೆಯ ಪ್ಲಗ್ಗನ್ನು ಉಳಿಸಿಕೊಂಡೆವು. ಈಗ ಅದನ್ನು 6 ಮತ್ತು 16 ಆಂಪಿಯರ್ ಎನ್ನುತ್ತೇವೆ; ಮಾನಕದ ಸಂಖ್ಯೆ ಐಎಸ್ 1293. ಆಕಾರ ಬಹುಮಟ್ಟಿಗೆ ಹಿಂದಿನದೇ.

ಮೂರನೆಯ ಪಿನ್ನಿನ ಕೆಲಸವೇನು? ಇಸ್ತ್ರಿಪೆಟ್ಟಿಗೆಯ ಒಳಗಿನ ತಂತಿಯ ಹೊದಿಕೆ ಸುಟ್ಟು ಲೋಹದ ಮೈಗೆ ತಾಗಿತೆನ್ನಿ. ಆ ಮೈಯನ್ನು ದಪ್ಪ ತಂತಿಯಿಂದ ಭೂಮಿಗೆ ಜೋಡಿಸಿದ್ದರೆ, ವಿದ್ಯುತ್ತು ಒಮ್ಮೆಲೇ ಧಾರಾಳವಾಗಿ ಅತ್ತ ನುಗ್ಗಿ ಫ್ಯೂಸನ್ನು ಸುಡುತ್ತದೆ. ಪೆಟ್ಟಿಗೆ ಸತ್ತು ಮನುಷ್ಯ ಉಳಿಯುತ್ತಾನೆ. ಭೂಮಿಗೆ ಜೋಡಿಸಿರದಿದ್ದರೆ ಪೆಟ್ಟಿಗೆ ಎಂದಿನಂತೆ ಬಿಸಿಯಾಗಿ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಕೆಟ್ಟಿದೆ ಎಂಬ ಸುಳಿವನ್ನೂ ಕೊಡುವುದಿಲ್ಲ. ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ.

ಇನ್ನು ನನ್ನ ತಪ್ಪೊಪ್ಪಿಗೆ. 1974ರ ಮಳೆಗಾಲ. ಆಗ ನಾವು ಬಾಡಿಗೆಯ ಹೆಂಚಿನ ಮನೆಯಲ್ಲಿದ್ದೆವು. ದೀಪಕ್ಕೆಂದು ಮಾತ್ರ ಸಂಪರ್ಕ ಪಡೆದಿದ್ದ ಮನೆ. ಇದ್ದದ್ದು ಎರಡು ತೂತಿನ ಒಂದೇ ಸಾಕೆಟ್. ಪೇಟೆಯ ಅಂಗಡಿಯೊಂದರಲ್ಲಿ ಅಗ್ಗವಾಗಿ ಸಿಕ್ಕಿತೆಂದು ಒಂದು ಇಸ್ತ್ರಿಪೆಟ್ಟಿಗೆಯನ್ನು ತಂದಿದ್ದೆ. ಅದರ ಮೇಲೆ ಯಾವ ಗುರುತೂ ಇರಲಿಲ್ಲ. ನಾನು ಹುಡುಕಲೂ ಇಲ್ಲ. ಅದಕ್ಕಿದ್ದದ್ದು ಮೂರು ಪಿನ್ನಿನ ಪ್ಲಗ್ಗು. ಎರಡು ತೂತಿಗೆ ಮೂರು ಪಿನ್ನು ಹೋಗುವುದಿಲ್ಲವಲ್ಲ! ನಾನು ಬ್ಲೇಡು ತೆಗೆದುಕೊಂಡು ಕುಳಿತು, ಪ್ಲಗ್ಗನ್ನು ಬಿಚ್ಚಿ, ಮೂರನೆಯ ತಂತಿಯನ್ನು ಕತ್ತರಿಸಿ, ಅದರ ತುದಿಗೆ ಟೇಪು ಸುತ್ತಿ, ಎರಡು ಪಿನ್ನಿನ ಪ್ಲಗ್ಗನ್ನು ಹಾಕಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಬಿ.ಎಸ್‌ಸಿ., ಬಿ.ಎಡ್. ಪದವೀಧರನ ಕೈಗೆಲಸ ಅದು.

ಇದು ನನ್ನೊಬ್ಬನ ಬುದ್ಧಿವಂತಿಕೆಯೇನೂ ಆಗಿರಲಿಲ್ಲ. ಆ ದಿನಗಳಲ್ಲಿ ಬಲ್ಬಿನ ಹೋಲ್ಡರಿಗೆ ಸಿಕ್ಕಿಸುವ ಅಡಾಪ್ಟರನ್ನು ಕೊಂಡು, ದೀಪದ ಜಾಗದಿಂದಲೇ ಇಸ್ತ್ರಿಪೆಟ್ಟಿಗೆಗೆ ವಿದ್ಯುತ್ತು ತೆಗೆಯುವವರಿದ್ದರು. ಪ್ಲಗ್ಗೇ ಇಲ್ಲದೆ, ಬರಿಯ ತಂತಿಯ ತುದಿಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿ ಮಾಡುತ್ತಿದ್ದವರನ್ನು ನೀವೂ ನೋಡಿದ್ದೀರಿ. ಆದರೆ ಅವರು ಮಕ್ಕಳಿಗೆ ಮೂರನೆಯ ಪಿನ್ನಿನ ಪಾಠವನ್ನು ಹೇಳುತ್ತಿರಲಿಲ್ಲ.

ನನ್ನ ತಂಗಿ ಆಗ ಹದಿನೆಂಟು ವರ್ಷದವಳು, ನಮ್ಮ ಮನೆಯಲ್ಲಿದ್ದು ಓದುತ್ತಿದ್ದಳು. ಆ ದಿನ ಬೆಳಗ್ಗೆ ಸ್ನಾನ ಮುಗಿಸಿ ಬಂದು, ಬರಿಗಾಲಿನಲ್ಲಿ, ಮಳೆಗೆ ತೇವ ಹೀರಿದ್ದ ಗಾರೆಯ ನೆಲದ ಮೇಲೆ ನಿಂತು ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. ಹಿಡಿಕೆಯನ್ನು ಹಿಡಿದಿರುವಷ್ಟು ಹೊತ್ತು ಏನೂ ಆಗಲಿಲ್ಲ, ಏಕೆಂದರೆ ಹಿಡಿಕೆ ಮರದ್ದು. ಸೆರಗಿನ ಮಡಿಕೆ ಬಿಡಿಸಲು ಹೋಗಿ ಎಡಗೈ ಬೆರಳುಗಳು ಪೆಟ್ಟಿಗೆಯ ಅಂಚಿಗೆ ತಗಲಿದವು. ಅವಳು ಕೂಗಲಿಲ್ಲ. ಇದನ್ನು ನೀವು ಗಮನಿಸಬೇಕು: ಕೂಗಲಿಲ್ಲ. ಪೆಟ್ಟಿಗೆಯನ್ನು ಹಿಡಿದೇ ಇದ್ದಳು. ಸುಟ್ಟ ವಾಸನೆ ಬಂದು ನಮ್ಮ ತಾಯಿ ಒಳಗಿನಿಂದ ಬಂದರು. ಅವರು ಮಗಳನ್ನು ಮುಟ್ಟದೆ, ಒಗೆಯುವ ಕೋಲಿನಿಂದ ತಂತಿಯನ್ನು ಹೊಡೆದು ಸಾಕೆಟ್ಟಿನಿಂದ ಕಿತ್ತರು. ಶಾಲೆಯ ಮೆಟ್ಟಿಲನ್ನೇ ಹತ್ತದ ಅವರಿಗೆ ಅದನ್ನು ಯಾರು ಕಲಿಸಿದ್ದರೋ! ಫ್ಯೂಸು ಹಾಗೆಯೇ ಇತ್ತು. ತಂಗಿ ಬದುಕಿದಳು. ಎಡಗೈಯ ಎರಡು ಬೆರಳುಗಳು ಇಂದಿಗೂ ಪೂರ್ತಿಯಾಗಿ ಮಡಿಯುವುದಿಲ್ಲ. ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. “ಅಣ್ಣ, ಬರಿ. ಆದ್ರೆ ಅಮ್ಮನ ಕೋಲಿನ ವಿಷಯ ಬಿಡಬೇಡ” ಎಂದಳು.

ಅವಳು ಏಕೆ ಕೈ ಬಿಡಲಿಲ್ಲ, ಫ್ಯೂಸು ಏಕೆ ಸುಡಲಿಲ್ಲ? ಆ ಎರಡು ಪ್ರಶ್ನೆಗಳು ನನ್ನನ್ನು ಬಹುಕಾಲ ಕಾಡಿದವು. ಉತ್ತರ ಸಿಕ್ಕಿದ್ದು ಚಾರ್ಲ್ಸ್ ಡಾಲ್ಜೀಲ್ ಎಂಬವರ ಕೆಲಸದಲ್ಲಿ. ಅವರು ಅಮೆರಿಕದ ಬರ್ಕ್‌ಲಿಯಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1940ರ ದಶಕದಿಂದ ಅವರು ಸ್ವಯಂಸೇವಕರ ಕೈಗೆ ತಾಮ್ರದ ತಂತಿಯನ್ನು ಕೊಟ್ಟು, ಅದರಲ್ಲಿ ಹರಿಯುವ ವಿದ್ಯುತ್ತನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ, ಯಾವ ಮಟ್ಟದಲ್ಲಿ ಮನುಷ್ಯ ತಾನಾಗಿ ಕೈ ಬಿಡಿಸಿಕೊಳ್ಳಲಾರ ಎಂಬುದನ್ನು ಅಳೆದರು. 134 ಗಂಡಸರು, 28 ಹೆಂಗಸರು ಈ ಪ್ರಯೋಗಕ್ಕೆ ಕೈಯೊಡ್ಡಿದರು. ಸರಾಸರಿ ಫಲ, ಗಂಡಸರಲ್ಲಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5 ಮಿಲಿಆಂಪಿಯರ್. ಅದನ್ನು ಮೀರಿದರೆ ಮುಂದೋಳಿನ ಸ್ನಾಯುಗಳು ಸೆಟೆದುಕೊಂಡು ಮುಷ್ಟಿ ಬಿಗಿಯುತ್ತದೆ. ಬೆರಳು ಮಡಿಸುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲವಾದವು. ಬಿಡಬೇಕೆಂಬ ಮನಸ್ಸಿದ್ದರೂ ಕೈ ಕೇಳುವುದಿಲ್ಲ. ವಿದ್ಯುತ್ತು ಎದೆಯನ್ನು ಹಾಯ್ದು ಹೋದರೆ ಉಸಿರಾಟದ ಸ್ನಾಯುಗಳೂ ಹೀಗೆಯೇ ಕಟ್ಟಿಹೋಗುತ್ತವೆ, ಕೂಗಲು ಉಸಿರೆಲ್ಲಿ?

ಈಗ ಲೆಕ್ಕ ಮಾಡಿ. ನಮ್ಮ ಮನೆಯ ಫ್ಯೂಸು 5 ಆಂಪಿಯರಿನದು, ಅಂದರೆ 5,000 ಮಿಲಿಆಂಪಿಯರ್. ಮನುಷ್ಯನನ್ನು ಕಟ್ಟಿಹಾಕಲು ಬೇಕಾದದ್ದು 10 ಅಥವಾ 16. ಫ್ಯೂಸಿನ ಕಣ್ಣಿಗೆ ಆ ಸೋರಿಕೆ ಬೀಳುವುದೇ ಇಲ್ಲ. ಫ್ಯೂಸು ಇರುವುದು ತಂತಿಯನ್ನೂ ಮನೆಯನ್ನೂ ಬೆಂಕಿಯಿಂದ ಕಾಯಲು. ಭೂಸಂಪರ್ಕವಿದ್ದರೆ ಮಾತ್ರ ಅದು ಮನುಷ್ಯನನ್ನೂ ಕಾಯುತ್ತದೆ.

ಆ ಕಾಲದಲ್ಲಿ ನಮ್ಮ ದೇಶದಲ್ಲಿ ಮಾನಕಗಳು ಇರಲಿಲ್ಲವೆಂದಲ್ಲ. ಭಾರತೀಯ ಮಾನಕ ಸಂಸ್ಥೆ, ಅಂದರೆ ಐಎಸ್‌ಐ, ಸ್ಥಾಪನೆಯಾದದ್ದು 1947ರ ಜನವರಿ 6ರಂದು, ಸ್ವಾತಂತ್ರ್ಯಕ್ಕಿಂತ ಏಳು ತಿಂಗಳು ಮೊದಲು. ಗುರುತು ನೀಡುವ ಕಾಯಿದೆ 1952ರಲ್ಲಿ ಬಂತು, ಯೋಜನೆ 1955ರಲ್ಲಿ ಜಾರಿಯಾಯಿತು. ಇಸ್ತ್ರಿಪೆಟ್ಟಿಗೆಗೆ ಐಎಸ್ 366, ನೀರು ಕಾಯಿಸುವ ಕಾಯಿಲಿಗೆ ಐಎಸ್ 368, ಎಲ್ಲ ಗೃಹೋಪಯೋಗಿ ಉಪಕರಣಗಳ ಸುರಕ್ಷತೆಗೆ ಐಎಸ್ 302. ಮನೆಗೆ ಭೂಸಂಪರ್ಕದ ತುದಿಯೊಂದು ಇರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೂ ಹೇಳಿತ್ತು. ಎಲ್ಲವೂ ಕಾಗದದ ಮೇಲೆ ಸೊಗಸಾಗಿತ್ತು. ಆದರೆ ಗುರುತು ಪಡೆಯುವುದು ಬಹುಕಾಲ ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. 1981ರಲ್ಲಿ ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಗುಣಮಟ್ಟ ನಿಯಂತ್ರಣಕ್ಕೆಂದೇ ಕೇಂದ್ರ ಸರ್ಕಾರದ ಆದೇಶ ಬಂತು. 1987ರ ಏಪ್ರಿಲ್ 1ರಂದು ಐಎಸ್‌ಐ ಹೋಗಿ ಭಾರತೀಯ ಮಾನಕ ಬ್ಯೂರೋ ಬಂತು. ಹೆಸರು ಬದಲಾದರೂ ಗುರುತಿನ ಮೇಲಿನ ಮೂರು ಅಕ್ಷರಗಳು ಬದಲಾಗಲಿಲ್ಲ. ಜನರು ನಂಬಿದ್ದು ಆ ಅಕ್ಷರಗಳನ್ನು. 2003ರ ಆದೇಶವು ತಂತಿ, ಸ್ವಿಚ್ಚುಗಳ ಜೊತೆಗೆ ಇಸ್ತ್ರಿಪೆಟ್ಟಿಗೆ, ಕಾಯಿಲು, ಒಲೆ, ಗೀಸರುಗಳನ್ನು ಕಡ್ಡಾಯದ ಪಟ್ಟಿಯಲ್ಲಿಟ್ಟಿತು.

ಆ ಗುರುತಿನ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡುವ ಭಾಗ್ಯ ನನಗೆ 2009ರಲ್ಲಿ ಒದಗಿತು. ನನ್ನ 1988ರ ತಂಡದ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಪರೀಕ್ಷಾಲಯವೊಂದರಲ್ಲಿ ಎಂಜಿನಿಯರಾಗಿದ್ದಳು. ನಿವೃತ್ತನಾದ ಮೇಲೆ ಒಮ್ಮೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದಳು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ನನ್ನ ಕೈಗಿತ್ತದ್ದು ಒಂದು ಲೋಹದ ಬೆರಳು. ನಿಜಕ್ಕೂ ಬೆರಳೇ! 12 ಮಿಲಿಮೀಟರ್ ದಪ್ಪ, 80 ಮಿಲಿಮೀಟರ್ ಉದ್ದ, ನಮ್ಮ ಬೆರಳಿನಂತೆಯೇ ಮಡಿಯುವ ಗೆಣ್ಣುಗಳು. ಜಗತ್ತಿನ ನಾನಾ ದೇಶಗಳ ಪರೀಕ್ಷಾಲಯಗಳಲ್ಲಿ ಇದೇ ಅಳತೆಯ ಬೆರಳು ಇರುತ್ತದೆ. ಉಪಕರಣದ ಪ್ರತಿಯೊಂದು ಸಂದಿಯಲ್ಲಿಯೂ ಅದನ್ನು ಇಟ್ಟು, ಮಡಿಸಿ, ತಿರುಗಿಸಿ ನೋಡುತ್ತಾರೆ. ಅದು ವಿದ್ಯುತ್ತಿರುವ ಭಾಗವನ್ನು ಮುಟ್ಟಿದರೆ ಆ ಉಪಕರಣ ಅನುತ್ತೀರ್ಣ. ನೋವಿಲ್ಲದ ಬೆರಳನ್ನು ಮುಂದೆ ಕಳುಹಿಸಿ ನೋವಿರುವ ಬೆರಳುಗಳನ್ನು ಕಾಯುವ ಉಪಾಯ. ನಾನು ಅದನ್ನು ಬಹಳ ಹೊತ್ತು ಕೈಯಲ್ಲಿಯೇ ಹಿಡಿದುಕೊಂಡಿದ್ದೆ. ಅವಳಿಗೆ ನನ್ನ ತಂಗಿಯ ವಿಷಯ ಗೊತ್ತಿರಲಿಲ್ಲ.

ಆಮೇಲೆ ಸೋರಿಕೆಯ ಪರೀಕ್ಷೆ. ಕಾಯಿಸುವ ಉಪಕರಣಕ್ಕೆ ಅದರ ನಿಗದಿತ ಸಾಮರ್ಥ್ಯದ 1.15 ಪಟ್ಟು ವಿದ್ಯುತ್ತು ಕೊಟ್ಟು, ಚೆನ್ನಾಗಿ ಬಿಸಿಯಾದ ಮೇಲೆ ಮೈಯಿಂದ ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ. ಇಸ್ತ್ರಿಪೆಟ್ಟಿಗೆಯಂತಹ ಕೈಸಾಮಾನುಗಳಿಗೆ ಮಿತಿ 0.75 ಮಿಲಿಆಂಪಿಯರ್. ಡಾಲ್ಜೀಲರ 10.5ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅಲ್ಲಿಗೂ ಬಿಡದೆ, ಶೇಕಡಾ 93ರಷ್ಟು ತೇವವಿರುವ ಪೆಟ್ಟಿಗೆಯಲ್ಲಿ 48 ಗಂಟೆ ಇಡುತ್ತಾರೆ. ನಮ್ಮ ಮಲೆನಾಡಿನ ಆಷಾಢವೇ ಸರಿ. ಹೊರತೆಗೆದು ಮತ್ತೆ ಸೋರಿಕೆ ಅಳೆದು, 230 ವೋಲ್ಟಿನ ಸಾಮಾನಿಗೆ ಸಾವಿರಕ್ಕೂ ಹೆಚ್ಚು ವೋಲ್ಟನ್ನು ಒಂದು ನಿಮಿಷ ಕಾಲ ಹಾಯಿಸುತ್ತಾರೆ. ಇಸ್ತ್ರಿಪೆಟ್ಟಿಗೆಯನ್ನು ಉಕ್ಕಿನ ಹಲಗೆಯ ಮೇಲೆ 40 ಮಿಲಿಮೀಟರ್ ಎತ್ತರದಿಂದ ಸಾವಿರ ಸಲ ಕುಕ್ಕುವ ಯಂತ್ರವೂ ಇತ್ತು. ಇಸ್ತ್ರಿ ಮಾಡುವವರು ಪೆಟ್ಟಿಗೆಯನ್ನು ಮೆಲ್ಲಗೆ ಇಡುವುದಿಲ್ಲ ಎಂಬುದನ್ನು ಬಲ್ಲ ಯಾರೋ ಈ ಪರೀಕ್ಷೆಯನ್ನು ಬರೆದಿರಬೇಕು.

ಕೊನೆಯದಾಗಿ ಅವಳು ತೋರಿಸಿದ್ದು ಭೂಸಂಪರ್ಕದ ಪರೀಕ್ಷೆ. ಪ್ಲಗ್ಗಿನ ಮೂರನೆಯ ಪಿನ್ನಿಗೆ ಒಂದು ತುದಿ, ಉಪಕರಣದ ಲೋಹದ ಮೈಗೆ ಮತ್ತೊಂದು ತುದಿ. 12 ವೋಲ್ಟನ್ನು ಮೀರದಂತೆ 25 ಆಂಪಿಯರ್ ಹಾಯಿಸಿ ರೋಧವನ್ನು ಲೆಕ್ಕ ಹಾಕುತ್ತಾರೆ. ಅದು, ತಂತಿಯ ರೋಧವನ್ನು ಕಳೆದು, 0.1 ಓಮನ್ನು ಮೀರಬಾರದು. ಆ ದಿನದ ಪೆಟ್ಟಿಗೆ ಉತ್ತೀರ್ಣವಾಯಿತು.

ನಾನು ಕೇಳಿದೆ: “ಪಿನ್ನಿನಿಂದ ಆಚೆಗೆ?”

ಅವಳು ನಕ್ಕಳು. “ಸರ್, ಪಿನ್ನಿಂದ ಆಚೆಗೆ ನಮ್ಮದಲ್ಲ. ಅಲ್ಲಿ ಅರ್ಥ್ ಇದೆ ಅಂತ ಅಂದ್ಕೊಂಡೇ ಇಷ್ಟೆಲ್ಲ ಟೆಸ್ಟ್ ಮಾಡೋದು. ಮನೆಗೆ ಹೋಗಿ ಯಾರು ನೋಡ್ತಾರೆ?”

ಲೋಹದ ಮೈಯಿರುವ ಉಪಕರಣಗಳನ್ನು ಮಾನಕದ ಭಾಷೆಯಲ್ಲಿ ಒಂದನೆಯ ವರ್ಗ ಎನ್ನುತ್ತಾರೆ. ಆ ವರ್ಗದ ರಕ್ಷಣೆ ಎರಡು ಭಾಗಗಳಲ್ಲಿದೆ: ಒಂದು ಒಳಗಿನ ಅವಾಹಕ ಹೊದಿಕೆ, ಇನ್ನೊಂದು ಭೂಸಂಪರ್ಕ. ಮೊದಲನೆಯದನ್ನು ಕಾರ್ಖಾನೆ ಕೊಡುತ್ತದೆ, ಎರಡನೆಯದನ್ನು ಮನೆ ಕೊಡಬೇಕು. ನಿಮ್ಮ ಮನೆಯ ಕೂದಲು ಒಣಗಿಸುವ ಯಂತ್ರದ ಮೇಲೆ ಚೌಕದೊಳಗೊಂದು ಚೌಕದ ಚಿತ್ರವಿದ್ದರೆ ಅದು ಎರಡನೆಯ ವರ್ಗದ್ದು. ಅದರಲ್ಲಿ ಅವಾಹಕ ಹೊದಿಕೆ ಇಮ್ಮಡಿಯಾಗಿರುತ್ತದೆ. ಆದ್ದರಿಂದಲೇ ಅದಕ್ಕೆ ಎರಡೇ ಪಿನ್ನು. ಇಸ್ತ್ರಿಪೆಟ್ಟಿಗೆ, ಗೀಸರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಸಾಮಾನ್ಯವಾಗಿ ಒಂದನೆಯ ವರ್ಗದವು. 1974ರಲ್ಲಿ ನಾನು ಬ್ಲೇಡಿನಿಂದ ಕತ್ತರಿಸಿದ್ದು ತಂತಿಯನ್ನಲ್ಲ, ರಕ್ಷಣೆಯ ಅರ್ಧವನ್ನು. ಆ ಪೆಟ್ಟಿಗೆಯ ಮೇಲೆ ಹತ್ತು ಗುರುತುಗಳಿದ್ದರೂ ಅದೇ ಕಥೆಯಾಗುತ್ತಿತ್ತು. ಅಗ್ಗದ ಪೆಟ್ಟಿಗೆಯ ಮೇಲೆ, ಅಂಗಡಿಯವನ ಮೇಲೆ ನಾನು ಮೂವತ್ತು ವರ್ಷ ಹೊರಿಸಿಕೊಂಡು ಬಂದಿದ್ದ ಅಪವಾದವನ್ನು ಆ ದಿನ ಬೆಂಗಳೂರಿನಿಂದ ಹಿಂದಿರುಗುವ ಬಸ್ಸಿನಲ್ಲಿ ಕುಳಿತು ಇಳಿಸಿಕೊಂಡೆ.

ಮನೆಯ ಕಡೆಯ ಈ ಕೊರತೆಯನ್ನು ತುಂಬುವ ಸಾಧನವೊಂದು ದೂರದ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿತು. ಅದು ಹುಟ್ಟಿದ್ದು ಚಿನ್ನದ ಗಣಿಗಳಲ್ಲಿ ಎಂಬುದು ಕೋಲಾರಕ್ಕೆ ವಿದ್ಯುತ್ತು ಕಳುಹಿಸಿದ ನಮ್ಮ ತಾಲ್ಲೂಕಿನವರಿಗೆ ವಿಶೇಷವಾಗಿ ರುಚಿಸಬೇಕು. ಹೆನ್ರಿ ರೂಬಿನ್ ಎಂಬ ಎಂಜಿನಿಯರ್ 1955ರಲ್ಲಿ ಗಣಿಗಳಿಗಾಗಿ, ಭೂಮಿಗೆ 250 ಮಿಲಿಆಂಪಿಯರ್ ಸೋರಿದೊಡನೆ ವಿದ್ಯುತ್ತನ್ನು ಕಡಿಯುವ ಸಾಧನವನ್ನು ರೂಪಿಸಿದರು. ಮರುವರ್ಷವೇ ಅದಕ್ಕಿಂತ ಎಷ್ಟೋ ಸೂಕ್ಷ್ಮವಾದುದನ್ನು ಮಾಡಿದರು. 1957-58ರಲ್ಲಿ ಸ್ಟಿಲ್‌ಫಾಂಟೇನ್ ಎಂಬ ಗಣಿಗಾರರ ಊರಿನಲ್ಲಿ ಹಲವು ಹೆಂಗಸರು ಮನೆಯ ಕೆಟ್ಟ ಉಪಕರಣಗಳಿಂದ ವಿದ್ಯುತ್ತಿಗೆ ಸಿಲುಕಿ ಸತ್ತರು. ಆಗ 20 ಮಿಲಿಆಂಪಿಯರಿಗೇ ಕಡಿಯುವ ಈ ಸಾಧನಗಳನ್ನು ಆ ಊರಿನ ಮನೆಗಳಿಗೆ ಹಾಕಿದರು. ಡಾಲ್ಜೀಲರು 1961ರಲ್ಲಿ ಅಮೆರಿಕದಲ್ಲಿ ಇದೇ ಬಗೆಯದನ್ನು ರೂಪಿಸಿದರು. ಅಲ್ಲಿ ಮಿತಿ 5 ಮಿಲಿಆಂಪಿಯರ್. ನಮ್ಮ ಮನೆಗಳಿಗೆ ಹಾಕುವುದು 30 ಮಿಲಿಆಂಪಿಯರಿನದು, ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಆರ್‌ಸಿಸಿಬಿ.

ತತ್ತ್ವ ಬಲು ಸರಳ. ಫೇಸಿನಲ್ಲಿ ಹೋದಷ್ಟೇ ನ್ಯೂಟ್ರಲಿನಲ್ಲಿ ಹಿಂದಿರುಗಬೇಕು. ಎರಡು ತಂತಿಗಳನ್ನೂ ಒಂದು ಕಬ್ಬಿಣದ ಉಂಗುರದೊಳಗೆ ಹಾಯಿಸಿದರೆ, ಹೋದದ್ದೂ ಬಂದದ್ದೂ ಸಮನಾಗಿರುವಷ್ಟು ಹೊತ್ತು ಉಂಗುರ ಸುಮ್ಮನಿರುತ್ತದೆ. ಹಿಂದಿರುಗಿದ್ದು ಕಡಿಮೆಯಾಯಿತೆಂದರೆ ಉಳಿದದ್ದು ಬೇರೆಲ್ಲಿಂದಲೋ, ಬಹುಶಃ ಯಾರದೋ ಮೈಯಿಂದ, ಭೂಮಿಗೆ ಹೋಗುತ್ತಿದೆ ಎಂದರ್ಥ. ಆ ವ್ಯತ್ಯಾಸ 30ಕ್ಕೆ ಮುಟ್ಟಿದರೆ 0.3 ಸೆಕೆಂಡಿನೊಳಗೆ ಸ್ವಿಚ್ಚು ಬೀಳುತ್ತದೆ. ಜಮಾ-ಖರ್ಚು ತಾಳೆಯಾಗದಿದ್ದರೆ ಬೀಗ ಹಾಕುವ ಕಟ್ಟುನಿಟ್ಟಿನ ಶ್ಯಾನುಭೋಗನಂತೆ. ಹೊಡೆತ ತಗಲುವುದೇ ಇಲ್ಲವೆಂದಲ್ಲ. ಆದರೆ ಅದು ಹಿಡಿದುಕೊಂಡು ಕೂರುವುದಿಲ್ಲ. ಬಟನ್ ಒತ್ತಿದರೆ ಬೀಳಬೇಕಾದ ಪರೀಕ್ಷಾ ಗುಂಡಿಯೊಂದು ಅದರ ಮೇಲಿರುತ್ತದೆ. ನಮ್ಮ ಮನೆಯಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ನಾನು ಅದನ್ನು ಒತ್ತುತ್ತೇನೆ. ಟಿವಿ ನೋಡುತ್ತಿರುವವರು ಗೊಣಗುತ್ತಾರೆ.

ಮೊಮ್ಮಗಳ ಮನೆಗೆ ನಾನೇ ಹೋದೆ. ಗೀಸರಿನ ಡಬ್ಬವನ್ನು ಇನ್ನೂ ಬಿಚ್ಚಿರಲಿಲ್ಲ. ಎಲೆಕ್ಟ್ರಿಷಿಯನ್ ಹುಡುಗ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿ ತಂದಿದ್ದ. ಫೇಸಿಗೂ ನ್ಯೂಟ್ರಲಿಗೂ ಇಟ್ಟಾಗ ಬಲ್ಬು ಉರಿಯಿತು. ಫೇಸಿಗೂ ಮೇಲಿನ ದೊಡ್ಡ ತೂತಿಗೂ ಇಟ್ಟಾಗ ಉರಿಯಲಿಲ್ಲ. ಸಾಕೆಟ್ಟನ್ನು ಬಿಚ್ಚಿದ. ಮೂರನೆಯ ತೂತಿನ ಹಿಂದೆ ಹಿತ್ತಾಳೆಯ ತಿರುಪು ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಯಾವ ತಂತಿಯೂ ಇರಲಿಲ್ಲ. ಕಟ್ಟಿ ಎಂಟು ವರ್ಷವಾದ ಮನೆ. ಹಿಂದಿನ ಬಾಡಿಗೆದಾರರು ಅಲ್ಲಿಯೇ ಗೀಸರು ಬಳಸುತ್ತಿದ್ದರಂತೆ.

ಮನೆಯ ಮಾಲೀಕರು ಒಳ್ಳೆಯವರು. ಮೊದಲು “ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಸರ್” ಎಂದರು. ನನ್ನ ತಂಗಿಯ ಕಥೆಯನ್ನು ಕೇಳಿದ ಮೇಲೆ ಸುಮ್ಮನಾದರು. ಹಿಂದಿನ ವಾರ ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿಸಿ, ಕೊಳವೆ ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪು ತುಂಬಿಸಿದ್ದಾರೆ. ಅಲ್ಲಿಂದ ಹಸಿರು ತಂತಿಯನ್ನು ಬೋರ್ಡಿಗೆ ತಂದು, ಆರ್‌ಸಿಸಿಬಿಯನ್ನೂ ಕೂರಿಸಿದ್ದಾರೆ. ಬಚ್ಚಲುಮನೆಯ ಸಾಕೆಟ್ಟಿನವರೆಗೆ ತಂತಿ ಎಳೆಯುವುದು ಬಾಕಿಯಿದೆ. ಹುಡುಗ ಗುರುವಾರ ಬರುತ್ತೇನೆಂದಿದ್ದಾನೆ. ಅಲ್ಲಿಯವರೆಗೆ ಮೊಮ್ಮಗಳು ಗ್ಯಾಸಿನ ಒಲೆಯ ಮೇಲೆ ನೀರು ಕಾಯಿಸಿಕೊಳ್ಳುತ್ತಿದ್ದಾಳೆ.